ಪರದೆಯ ಮೇಲಿನ ಬಳ್ಳಿ

ಕುಂಕುಮ ನೀಲಿಯಾಗಿದ್ದನ್ನು ನೀವು ಕಂಡಿರಲಾರಿರಿ. ನಾನು ಕಂಡಿದ್ದೇನೆ. ನನ್ನ ಮೇಜಿನ ಮೇಲಿನ ಪುಟ್ಟ ಪರದೆಯಲ್ಲಿ, ಹಿತ್ತಾಳೆ ಬಟ್ಟಲಿನ ಕುಂಕುಮ ಮುಸ್ಸಂಜೆಯ ಆಕಾಶದಂತೆ ಕಡುನೀಲಿಯಾಗಿ, ಪಕ್ಕದ ಅರಿಶಿನ ತಿಳಿನೀರಿನ ಬಣ್ಣಕ್ಕೆ ತಿರುಗಿ, ಅವೆರಡರ ನಡುವಿನ ವೀಳ್ಯದೆಲೆ ಮಾತ್ರ ಏನೂ ಆಗಿಲ್ಲವೆಂಬಂತೆ ಹಸಿರಾಗಿಯೇ ಉಳಿದಿತ್ತು. ಕೆಂಪು ಹೋಗಬೇಕಾದ ಜಾಗಕ್ಕೆ ನೀಲಿಯನ್ನೂ, ನೀಲಿಯ ಜಾಗಕ್ಕೆ ಕೆಂಪನ್ನೂ ಕಳಿಸಿಬಿಟ್ಟಿದ್ದೆ, ಆದದ್ದು ಅಷ್ಟೇ. ಸರಿಪಡಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೂ ಆ ಮಧ್ಯಾಹ್ನ ಸ್ವಲ್ಪ ಹೊತ್ತು ಅದನ್ನು ಹಾಗೆಯೇ ಬಿಟ್ಟು ನೋಡುತ್ತ ಕುಳಿತೆ. ಕುಂಕುಮ ನೀಲಿಯಾಗಿರುವುದೇ ಸಹಜವಾದ ಇನ್ನೊಂದು ಲೋಕ ನಮ್ಮ ಪಕ್ಕದಲ್ಲೇ ಇದ್ದು, ಅದರ ಕಿಟಕಿ ಅರೆಗಳಿಗೆ ತೆರೆದುಕೊಂಡಂತೆ ಅನಿಸಿತ್ತು.

ನಾನು ಡ್ರೈವರ್ ಬರೆಯುವವಳು. ಈ ಮಾತು ಹೇಳಿದಾಗಲೆಲ್ಲ ನೆಂಟರ ಮುಖದ ಮೇಲೆ ಒಂದು ಬಸ್ಸು ಹಾದುಹೋಗುವುದನ್ನು ಗಮನಿಸಿದ್ದೇನೆ. ಆ ಡ್ರೈವರ್ ಬೇರೆ, ಇದು ಬೇರೆ. ಆದರೆ ಎರಡೂ ಸಾಗಿಸುವ ಕೆಲಸವೇ. ಬಿಟ್‌ಮ್ಯಾಪ್ ಎಂದರೆ ಸಾಲು ಸಾಲಾಗಿ ಜೋಡಿಸಿಟ್ಟ ಬಣ್ಣದ ಚುಕ್ಕಿಗಳ ಚಿತ್ರ. ಕಂಪ್ಯೂಟರಿನ ಮೆಮೊರಿಯಲ್ಲಿ ಕುಳಿತ ಆ ಚುಕ್ಕಿಗಳನ್ನು ಕ್ರಮ ಕೆಡದಂತೆ ಪರದೆಗೆ ಮುಟ್ಟಿಸುವುದು ನನ್ನ ತಂತ್ರಾಂಶದ ಹೊಣೆ. ಸಾಲಿನ ಉದ್ದ ಎಣಿಸುವಾಗ ತುಸು ತಪ್ಪಿದರೆ ಸಾಕು, ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದಿಷ್ಟು ಸರಿದು, ನೆಟ್ಟಗೆ ನಿಂತ ಮನುಷ್ಯ ಗಾಳಿಗೆ ಬಾಗಿದ ಜೋಳದ ದಂಟಿನಂತೆ ಓರೆಯಾಗುತ್ತಾನೆ. ಚಿತ್ರ ಅರ್ಧ ಸಾಗಿರುವಾಗಲೇ ಪರದೆ ಅವಸರಪಟ್ಟು ತೋರಿಸಿದರೆ, ನಗುವ ಕಣ್ಣುಗಳ ಕೆಳಗೆ ಹಿಂದಿನ ಕ್ಷಣದ ಮುನಿದ ಬಾಯಿ ಉಳಿದುಬಿಡುತ್ತದೆ. ಹಾಗಾಗದಿರಲೆಂದು ಮರೆಯಲ್ಲಿ ಇನ್ನೊಂದು ಹಾಳೆ ಇಟ್ಟುಕೊಂಡು, ಅದರಲ್ಲಿ ಚಿತ್ರವನ್ನು ಪೂರ್ತಿ ಇಳಿಸಿ, ನೋಡುವವರಿಗೆ ತಿಳಿಯದಂತೆ ಹಾಳೆಗಳನ್ನು ಅದಲುಬದಲು ಮಾಡುತ್ತೇವೆ.

ನಮ್ಮದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಲೇತ್‌ಗಳು ದಿನವಿಡೀ ಗುಂಯ್‌ಗುಡುವ ಶೆಡ್ಡೊಂದರ ಮೇಲಿನ ಮಹಡಿ. ಕಣ್ಣು ಮಂದವಾದವರಿಗೆ ಓದುವ ಯಂತ್ರ ಮಾಡುತ್ತೇವೆ. ಬಾಗಿದ ಕತ್ತಿನ ತುದಿಯಲ್ಲೊಂದು ಕ್ಯಾಮೆರಾ, ಮುಂದೊಂದು ಪರದೆ. ಕೆಳಗೆ ಪತ್ರಿಕೆ ಇಟ್ಟರೆ ಮೇಲೆ ಅಕ್ಷರಗಳು ಅಂಗೈಯಗಲ ಅರಳುತ್ತವೆ. ಮಾರುಕಟ್ಟೆಗೆ ಬಿಡುವ ಮುನ್ನ ಯಾರಾದರೂ ಬಳಸಿ ನೋಡಬೇಕೆಂದಾಗ ನನಗೆ ತಟ್ಟನೆ ನೆನಪಾದದ್ದು ಗಿರಿಜತ್ತೆ, ನನ್ನ ತಂದೆಯ ತಂಗಿ.

ಅತ್ತೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ದಾವಣಗೆರೆಯಿಂದ ಮದುವೆಯಾಗಿ ವಿಜಯನಗರಕ್ಕೆ ಬಂದು, ಮಾರೇನಹಳ್ಳಿಯ ಕಡೆಗೆ ಹೋಗುವ ರಸ್ತೆಯ ಮಹಡಿ ಮನೆಯಲ್ಲಿ ನೆಲೆಸಿದವರು. ಕೆಲವು ವರ್ಷಗಳಿಂದ ಅವರ ನೋಟದ ನಡುಭಾಗ ಮಸುಕಾಗುತ್ತ ಬಂದಿತ್ತು. ಬಾಗಿಲಿನ ಚೌಕಟ್ಟು ಕಾಣುತ್ತಿತ್ತು, ಅದರೊಳಗೆ ನಿಂತವರು ಯಾರೆಂದು ಕಾಣುತ್ತಿರಲಿಲ್ಲ. ಮಾವ ಬೆಳಿಗ್ಗೆ ಪತ್ರಿಕೆ ಓದಿ ಹೇಳುತ್ತಿದ್ದರು. ಆದರೆ ಓದಿಸಿಕೊಳ್ಳುವುದು ಬೇರೆ, ಓದುವುದು ಬೇರೆ. ಈಚೆಗಂತೂ ಅತ್ತೆ ಮದುವೆ ಮುಂಜಿಗೆ ಹೊರಡುವುದನ್ನೇ ಬಿಟ್ಟಿದ್ದರು. ಮಾತೂ ಕಡಿಮೆಯಾಗಿತ್ತು. ಕಣ್ಣಿನ ಚಿಂತೆ ಇರಬೇಕೆಂದು ನಾವೆಲ್ಲ ತಿಳಿದಿದ್ದೆವು.

ಯಂತ್ರವನ್ನು ಅವರ ನಡುಮನೆಯ ಮೇಜಿನ ಮೇಲಿಟ್ಟು ಪತ್ರಿಕೆ ಹರಡಿದೆ. ಅತ್ತೆ ಕತ್ತನ್ನು ಓರೆ ಮಾಡಿ, ಕಣ್ಣಂಚಿನಿಂದ ಒಂದೊಂದೇ ಅಕ್ಷರ ಹಿಡಿದು, ಕೊನೆಗೊಂದು ತಲೆಬರಹವನ್ನು ಪೂರ್ತಿ ಓದಿದರು. ಅಡುಗೆಮನೆಯಿಂದ ಮಾವ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಅಷ್ಟರಲ್ಲಿ ಅತ್ತೆ ಪರದೆಯತ್ತ ಬೆರಳು ತೋರಿಸಿ ಮೆಲ್ಲಗೆ ಕೇಳಿದರು: "ಚೆನ್ನಾಗಿದೆ ಕಣೇ ಶೈಲಾ. ಆದ್ರೆ ಈ ಬಳ್ಳಿ ಯಾಕೆ ಬರ್ತಾ ಇದೆ?"

"ಯಾವ ಬಳ್ಳಿ ಅತ್ತೆ?"

"ಅಕ್ಷರದ ಮೇಲೆಲ್ಲಾ ಹಬ್ಕೊಂಡಿದೆಯಲ್ಲ. ಸಣ್ಣ ಸಣ್ಣ ನೇರಳೆ ಹೂವು."

ನನಗೆ ಏನೂ ಕಾಣಲಿಲ್ಲ. ಆದರೂ ಒಂದು ಕ್ಷಣ ಮಿಂಚಿ ಮರೆಯಾಗುವ ದೋಷಗಳು ನಮ್ಮ ಕೆಲಸದಲ್ಲಿ ಬೇಕಾದಷ್ಟು. ಮರೆಯ ಹಾಳೆಯನ್ನು ಅಳಿಸದೆ ಬಿಟ್ಟರೆ ಎಂದೋ ಬಂದುಹೋದ ಚಿತ್ರದ ಚೂರುಗಳು ಹೊಸ ಚಿತ್ರದ ಮೇಲೆ ತೇಲುವುದುಂಟು. ಯಂತ್ರವನ್ನು ಹೊತ್ತುಕೊಂಡು ಆಫೀಸಿಗೆ ಮರಳಿದೆ. ಜೊತೆಗೆ ಕೆಲಸ ಮಾಡುವ ಪ್ರಕಾಶನೂ ನಾನೂ ಪರದೆಗೆ ಹೊರಡುವ ಪ್ರತಿ ಚಿತ್ರವನ್ನೂ ದಾರಿಯಲ್ಲಿ ತಡೆದು, ಇನ್ನೊಂದು ಕಡೆ ಉಳಿಸಿಟ್ಟು, ಚುಕ್ಕಿ ಚುಕ್ಕಿಯಾಗಿ ಹೋಲಿಸಿದೆವು. ತಂತಿ ಬದಲಿಸಿದೆವು, ಪರದೆ ಬದಲಿಸಿದೆವು.

"ಮೇಡಂ, ಎಲ್ಲಾ ಕ್ಲೀನಾಗಿದೆ. ಬಳ್ಳಿ ಬಿಡಿ, ಒಂದು ಎಲೆನೂ ಇಲ್ಲ," ಎಂದ ಪ್ರಕಾಶ. ಆಮೇಲೆ ಸಂಕೋಚದಿಂದ ಸೇರಿಸಿದ: "ನಿಮ್ಮ ಅತ್ತೆಗೇ ಏನೋ ಭ್ರಮೆ ಇರ್ಬೇಕು."

ನನಗೆ ರೇಗಿತು. ವ್ಯಾಕರಣದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಬಿಡದೆ ತಿದ್ದಿಸಿದ ಹೆಂಗಸಿಗೆ ಭ್ರಮೆಯೇ? ಯಂತ್ರವನ್ನು ಮತ್ತೆ ವಿಜಯನಗರಕ್ಕೆ ಒಯ್ದೆ.

ಆ ಮಧ್ಯಾಹ್ನ ನಡುಮನೆಯ ತುಂಬ ಜೇನಿನ ಬಣ್ಣದ ಬಿಸಿಲು. ದೂರದಲ್ಲಿ ಮೆಟ್ರೋ ಹಾದಾಗೊಮ್ಮೆ ಕಿಟಕಿಯ ಗಾಜು ಸಣ್ಣಗೆ ಗುನುಗುತ್ತಿತ್ತು. ಮಾವ ಒಳಗೆ ಮಲಗಿದ್ದರು. ಅತ್ತೆ ಯಾವುದೋ ಲಗ್ನಪತ್ರಿಕೆ ಓದುತ್ತಿದ್ದರು. ಇವತ್ತು ಬಳ್ಳಿಯ ಹಿಂದೆ ಇಟ್ಟಿಗೆಯ ಗೋಡೆಯೂ ಬಂದಿದೆ ಎಂದರು. ನಾನು ಲ್ಯಾಪ್‌ಟಾಪಿನಲ್ಲಿ ಕಣ್ಣು ನೆಟ್ಟು ಚುಕ್ಕಿಗಳ ಹಾದಿ ಕಾಯುತ್ತಿದ್ದೆ. ಆಗ ಕರೆಂಟು ಹೋಯಿತು. ಫ್ಯಾನು ಇನ್ವರ್ಟರಿನಿಂದ ತಿರುಗುತ್ತಲೇ ಇತ್ತು, ಇನ್ವರ್ಟರಿನ ಸಂಪರ್ಕವಿಲ್ಲದ ಯಂತ್ರ ಮಾತ್ರ ಸತ್ತು ಪರದೆ ಕಪ್ಪಾಯಿತು.

"ಅಕ್ಷರ ಹೋಯ್ತಲ್ಲೇ," ಎಂದರು ಅತ್ತೆ. "ಬಳ್ಳಿ ಮಾತ್ರ ಇದೆ ನೋಡು. ಕಪ್ಪಿನ ಮೇಲೆ ಇನ್ನೂ ಚೆನ್ನಾಗಿ ಕಾಣ್ತಿದೆ. ನಿಂಗೀಗಾದ್ರೂ ಕಾಣ್ತಾ?"

ನನ್ನ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಪರದೆಗೆ ಒಂದು ಚುಕ್ಕಿಯೂ ಹೋಗುತ್ತಿರಲಿಲ್ಲ. ಹೂವು ಇರುವುದು ಪರದೆಯ ಈಚೆ ದಡದಲ್ಲಿ ಎಂದು ಆಗ ತಿಳಿಯಿತು. ಹೇಳದೆ ಬಿಡಲೇ ಎಂದು ಯೋಚಿಸಿದೆ; ಆದರೆ ಅವರು ಉತ್ತರಕ್ಕೆ ಕಾಯುತ್ತಿದ್ದರು. ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡೆ.

"ಅತ್ತೆ, ಕರೆಂಟ್ ಹೋಗಿದೆ. ಮಷೀನ್ ಆಫ್ ಆಗಿದೆ."

ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಎಲ್ಲವನ್ನೂ ಹೇಳಿದರು. ಬಳ್ಳಿ ಬಂದು ಬಹಳ ಕಾಲವಾಗಿತ್ತಂತೆ. ಒಮ್ಮೊಮ್ಮೆ ಜರಿಯ ರುಮಾಲು ಸುತ್ತಿಕೊಂಡ ಪುಟ್ಟ ಜನ ಕಾಂಪೌಂಡಿನ ಗೋಡೆಯ ಮೇಲೆ ಸಾಲಾಗಿ ನಡೆದುಹೋಗುತ್ತಿದ್ದರಂತೆ. ಕೆಲವೊಮ್ಮೆ ಕುರ್ಚಿಯಲ್ಲಿ ಯಾರೋ ಕುಳಿತಿರುತ್ತಿದ್ದರಂತೆ.

"ನಮ್ಮಮ್ಮನಿಗೂ ಕೊನೇಲಿ ಹೀಗೇ ಆಗಿತ್ತು ಕಣೇ. ಯಾರ್ಯಾರ ಜೊತೆನೋ ಮಾತಾಡೋರು, ನಮ್ಮನ್ನೇ ಗುರುತು ಹಿಡೀತಿರ್ಲಿಲ್ಲ. ನಂದೂ ಶುರುವಾಯ್ತು ಅಂದ್ಕೊಂಡೆ. ಯಾರಿಗೆ ಹೇಳ್ಲಿ?" ಎಂದವರು ಪರದೆಯ ಕಡೆ ತಿರುಗಿ, "ನಿನ್ನ ಮಷೀನ್ ಮೇಲೆ ಬಳ್ಳಿ ಬಂತಲ್ಲ, ಅವತ್ತು ಎಷ್ಟು ಸಂತೋಷ ಆಯ್ತು ಗೊತ್ತಾ? ಇದು ಮಷೀನಿಂದೇ ತಪ್ಪಿರ್ಬೋದು ಅಂತ. ಒಬ್ಬರ ಹತ್ರ ಆದ್ರೂ ಬಾಯಿಬಿಟ್ಟು ಹೇಳೋಕೆ ಆಯ್ತಲ್ಲ ಅಂತ," ಎಂದರು.

ನಾನು ಬಳ್ಳಿಯನ್ನು ಹುಡುಕುತ್ತಿದ್ದಷ್ಟು ದಿನವೂ ಅವರು ಅದು ಯಂತ್ರದಲ್ಲೇ ಸಿಗಲೆಂದು ಹಾರೈಸುತ್ತಿದ್ದರು.

ಮರುದಿನವೇ ಮಾವನಿಗೂ ತಿಳಿಸಿ, ಮೂವರೂ ಅವರ ಕಣ್ಣಿನ ಡಾಕ್ಟರ ಬಳಿ ಹೋದೆವು. ಡಾಕ್ಟರಮ್ಮ ಗಾಬರಿಯಾಗಲಿಲ್ಲ. ಊರಿನ ಸುದ್ದಿ ಕೇಳುವಂತೆ ಕೇಳಿದರು: "ಆ ಪುಟ್ಟ ಜನ ನಿಮ್ ಜೊತೆ ಮಾತಾಡ್ತಾರಾ ಅಮ್ಮ?"

"ಇಲ್ಲ. ತಮ್ಮಷ್ಟಕ್ಕೆ ಹೋಗ್ತಾರೆ."

"ಅವರು ನಿಜವಾಗ್ಲೂ ಇದಾರೆ ಅನ್ಸುತ್ತಾ?"

"ಅಯ್ಯೋ, ಅಷ್ಟೂ ತಿಳಿಯಲ್ವಾ ನಂಗೆ!" ಎಂದರು ಅತ್ತೆ, ತರಗತಿಯಲ್ಲಿ ಗದರುವ ಧ್ವನಿಯಲ್ಲಿ.

ಡಾಕ್ಟರು ನಕ್ಕರು. ಇನ್ನೂ ಕೆಲವು ಪರೀಕ್ಷೆ ಮಾಡಿಸಿ, ವರದಿಗಳನ್ನು ನೋಡಿ, ಅತ್ತೆಯ ಬುದ್ಧಿ ಗಟ್ಟಿಯಾಗಿಯೇ ಇದೆ ಎಂದರು. ಕಣ್ಣು ಕಳಿಸುವುದು ಕಡಿಮೆಯಾದಾಗ ಮಿದುಳು ಸುಮ್ಮನೆ ಕೂರದೆ ತಾನೇ ಚಿತ್ರ ಬರೆದುಕೊಳ್ಳುವುದುಂಟು. ದೃಷ್ಟಿ ಕುಂದಿದ ಎಷ್ಟೋ ಜನರಿಗೆ ಹೀಗಾಗುತ್ತದೆ, ಹುಚ್ಚೆಂದಾರೆಂಬ ಭಯಕ್ಕೆ ಹೇಳಿಕೊಳ್ಳುವುದಿಲ್ಲ ಎಂದರು.

ಆಟೋದಲ್ಲಿ ಮಾವ ಅತ್ತೆಯ ಕಡೆಗೆ ತಿರುಗಿದರು. "ಕೂರೋ ಮುಂಚೆ ದಿನಾ ಕುರ್ಚಿ ಸವರಿ ನೋಡ್ತಿದ್ದೆಯಲ್ಲ, ಅದಕ್ಕಾ?" ಎಂದರು.

"ಹೂಂ ರೀ. ಯಾರಾದ್ರೂ ನಿಜವಾಗ್ಲೂ ಕೂತಿದ್ರೆ ಅಂತ."

"ಧೂಳು ಅಂತ ತಿಳ್ಕೊಂಡು ದಿನಾ ಒರೆಸ್ತಿದ್ದೆ ಕಣೇ ನಾನು."

ಅತ್ತೆ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಟೋ ಸಿಗ್ನಲಿನಲ್ಲಿ ನಿಂತು ಹೊರಟು ಮತ್ತೆ ನಿಂತಿತು.

ಓದುಗ ಮಿತ್ರರೇ, ಚಿತ್ರವೆಂದರೆ ಅಲ್ಲಿಂದ ಇಲ್ಲಿಗೆ ಬರುವಂಥದ್ದು ಎಂದೇ ಇಷ್ಟು ವರ್ಷ ನಂಬಿ ಅನ್ನ ತಿಂದವಳು ನಾನು. ಚುಕ್ಕಿ ಬಾರದಿದ್ದರೆ ಆ ಜಾಗ ಖಾಲಿ, ಖಾಲಿಯೆಂದರೆ ದೋಷ. ಈಗ ಸಂಜೆ ಮೆಟ್ರೋದಲ್ಲಿ ದೀಪಾಂಜಲಿ ನಗರದ ಮನೆಗೆ ಮರಳುವಾಗ, ಕಿಟಕಿಯಾಚೆ ಸರಿಯುವ ತಾರಸಿಗಳನ್ನೂ ಒಣಹಾಕಿದ ಬಟ್ಟೆಗಳನ್ನೂ ನೋಡುತ್ತ, ಇದರಲ್ಲಿ ನನ್ನ ಕಣ್ಣು ತಂದದ್ದೆಷ್ಟು, ಮನಸ್ಸು ಸದ್ದಿಲ್ಲದೆ ನೇಯ್ದು ಸೇರಿಸಿದ್ದೆಷ್ಟು ಎಂದು ಬೆರಗಾಗುತ್ತೇನೆ. ಬಾರದೆ ಉಳಿದ ಕಡೆಯೆಲ್ಲ ಬರಿದು ಬಿಡಲಾರದ ಯಾವುದೋ ಕೈ ಎಲ್ಲರೊಳಗೂ ಕುಳಿತು, ಸಿಕ್ಕಿದ ಬಣ್ಣದಲ್ಲಿ ಏನನ್ನೋ ಬರೆಯುತ್ತಿರಬೇಕು.

ಯಂತ್ರದ ಕೈಪಿಡಿಗೆ ನಾನೊಂದು ಪುಟ ಸೇರಿಸಿದೆ, ದಪ್ಪ ಅಕ್ಷರಗಳಲ್ಲಿ: ಇಲ್ಲದ ಹೂವು, ಗೋಡೆ, ಮನುಷ್ಯರು ಕಂಡರೆ ಹೆದರಬೇಡಿ, ಮನೆಯವರಿಗೂ ಡಾಕ್ಟರಿಗೂ ಹೇಳಿ. ಪ್ರಕಾಶ ಅದನ್ನು ಓದಿ, "ಇದು ಮೊದಲನೇ ಪುಟದಲ್ಲೇ ಇರ್ಲಿ ಮೇಡಂ," ಎಂದು ಮೇಲಕ್ಕೆ ತಂದ.

ಮೊನ್ನೆ ಭಾನುವಾರ ಅತ್ತೆಯ ಮನೆಗೆ ಹೋದಾಗ ಇಬ್ಬರೂ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅತ್ತೆ ಮುಂದಿನ ವಾರ ಬಸವೇಶ್ವರನಗರದ ಒಂದು ಮದುವೆಗೆ ಹೊರಡುವ ಮಾತಾಡುತ್ತಿದ್ದರು. ನಡುವೆ ಮಾವ ಎಂದಿನ ಅಭ್ಯಾಸವೆಂಬಂತೆ ಕೇಳಿದರು: "ಇವತ್ತು ಯಾರು ಬಂದಿದಾರೆ?"

ಅತ್ತೆ ಕತ್ತನ್ನು ಓರೆ ಮಾಡಿ, ಕಣ್ಣಂಚಿನಿಂದ ಗಂಡನ ಕಡೆಗೆ ನೋಡಿದರು.

"ನಿಮ್ಮ ತಲೆ ಮೇಲೊಂದು ಹಕ್ಕಿ ಕೂತಿದೆ ರೀ. ಹಳದಿದು. ಅಲ್ಲಾಡ್ಬೇಡಿ."

ಮಾವ ಬಾಯಿಯ ಹತ್ತಿರ ಒಯ್ದ ಲೋಟವನ್ನು ಅಲ್ಲಿಯೇ ಹಿಡಿದು, ಕಾಫಿ ಆರುವವರೆಗೂ ಅಲ್ಲಾಡದೆ ಕುಳಿತಿದ್ದರು.