ಸುಮ್ಮನಿರುವ ಅಕ್ಷರ

ಗೆಳೆಯರೇ, ಇವತ್ತು ಶಿರಾಳಕೊಪ್ಪದ ನನ್ನ ಕಂಪ್ಯೂಟರ್ ಸೆಂಟರಿನ ಮರ್ಯಾದೆ ಹೋಗುವುದರಲ್ಲಿತ್ತು. ಅಕ್ಷರದಲ್ಲಿ ಸ್ವರ ಟೈಪ್ ಮಾಡಿದರೆ ಸಾಕು, ಕಂಪ್ಯೂಟರೇ ನುಡಿಸುತ್ತದೆ ಎಂದು ನಾನು ಜಂಬ ಕೊಚ್ಚಿದ್ದನ್ನು ನಂಬಿ, ಆನವಟ್ಟಿಯ ಸಂಗೀತ ಟೀಚರ್ ಗಿರಿಜಮ್ಮ ಮಕ್ಕಳ ಡ್ಯಾನ್ಸಿಗೆ ಟ್ಯೂನ್ ಮಾಡಿಸಲು ಬಂದಿದ್ದರು. ಕಂಪ್ಯೂಟರ್ ನುಡಿಸಿತು, ಒಂದೇ ಉಸಿರಿನಲ್ಲಿ.

"ನಡುವೆ ಎರಡು ಎಣಿಕೆ ನಿಲ್ಲಬೇಕಲ್ರೀ!" ಎಂದರು.

"ನಿಲ್ಲೋದಕ್ಕೆ ಜೆಡ್ ಅಂತ ಬರೀಬೇಕು ಟೀಚರ್. ಪಕ್ಕದಲ್ಲಿ ಎಷ್ಟು ಎಣಿಕೆ ಅಂತ."

"ಸುಮ್ಮನಿರು ಅನ್ನೋದನ್ನೂ ಬರೆದು ಕೊಡಬೇಕೇನ್ರೀ?"

ಗಡಿಬಿಡಿಯಲ್ಲಿ ಜೆಡ್ ಪಕ್ಕದ ಎರಡನ್ನು ಎರಡು ಸಲ ಒತ್ತಿಬಿಟ್ಟೆ. ನಾಲ್ಕು ಸ್ವರ ನುಡಿಸಿ ಕಂಪ್ಯೂಟರ್ ಮೂಕವಾಯಿತು. ಕೆಟ್ಟೇ ಹೋಯಿತೆಂದು ನಾನು ವೈರು ಅಲುಗಾಡಿಸತೊಡಗಿದೆ. ಗಿರಿಜಮ್ಮ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಾ ಎಣಿಸುತ್ತಲೇ ಇದ್ದರು. ಇಪ್ಪತ್ತೆರಡು ಮುಗಿದದ್ದೇ ತಡ, ಸರಿಯಾಗಿ ಮುಂದಿನ ಏಟಿಗೆ ಸ್ವರ ಬಂತು.

"ತಾಳ ತಪ್ಪಲಿಲ್ಲ ನೋಡ್ರೀ!" ಎಂದು ನಕ್ಕರು. "ನಮ್ಮ ಹಾರ್ಮೋನಿಯಂ ಮೇಷ್ಟ್ರು ಒಂದು ಎಣಿಕೆನೂ ಸುಮ್ಮನಿದ್ದೋರಲ್ಲ. ಇದನ್ನೇ ಸರಿಮಾಡಿ ಕ್ಯಾಸೆಟ್ಟಿಗೆ ಹಾಕಿಕೊಡ್ರೀ."

ಹಾಕಿಕೊಟ್ಟೆ. ಸೆಂಟರ್ ತೆರೆದಾಗಿನಿಂದ ನನ್ನ ಕಂಪ್ಯೂಟರನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು, ಅದೂ ಅದು ಏನೂ ಮಾಡದೆ ಕುಳಿತಿದ್ದಕ್ಕೆ.