ಕಾಂಚನಾಳ ಗಂಡ

ಸ್ವೀಡನ್ನಿನ ಉಮೆಯೊ ಊರಿನಲ್ಲಿ ಗೋಪಾಲನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹೆಂಡತಿಗೆ ಅವನು ‘ರೀ’, ಮಗಳಿಗೆ ‘ಪಪ್ಪಾ’, ಉಳಿದ ಊರಿಗೆಲ್ಲ ‘ಕಾಂಚನಾಳ ಗಂಡ’.

ಕಾಂಚನಾ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಿಡಗಳ ಬೇರಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅವಳ ವೀಸಾದ ಬಾಲ ಹಿಡಿದುಕೊಂಡು ಎರಡು ಸಾವಿರದ ಐದರಲ್ಲಿ ಗೋಪಾಲ, ಪುಟ್ಟ ಪಾವನಾಳನ್ನು ಎತ್ತಿಕೊಂಡು ಸ್ವೀಡನ್ನಿಗೆ ಬಂದಿಳಿದ. ಬೆಳಿಗ್ಗೆ ಮಗಳನ್ನು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಬಿಡುವುದು. ಆಮೇಲೆ ಅಡುಗೆ, ಬಟ್ಟೆ. ಸಂಜೆ ಮತ್ತೆ ಮಗಳು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಸ್ವೀಡನ್ನಿನವರು ಹೇಳುತ್ತಾರೆ. ಅವರ ಗಂಡಸರು ಮಗುವಿನ ಗಾಡಿ ತಳ್ಳುತ್ತಾ ಎದೆಯುಬ್ಬಿಸಿಕೊಂಡು ಓಡಾಡುತ್ತಾರೆ ಕೂಡ. ರಜೆ ಮುಗಿದ ಮೇಲೆ ಅವರಿಗೆ ಹೋಗಲಿಕ್ಕೊಂದು ಕೆಲಸ ಇರುತ್ತದೆ, ಅದಕ್ಕೆ ಉಬ್ಬಿಸುತ್ತಾರೆ. ಗೋಪಾಲ ನೆಲ ನೋಡಿಕೊಂಡು ತಳ್ಳುತ್ತಿದ್ದ.

ಯುಗಾದಿಗೋ ದೀಪಾವಳಿಗೋ ಊರಿನ ಕನ್ನಡದವರು ಸೇರಿದಾಗ ಅವನು ಮೂಲೆಯ ಕುರ್ಚಿ ಹಿಡಿಯುತ್ತಿದ್ದ. ಒಬ್ಬ ಪಿಎಚ್‌ಡಿ ಮುಗಿಸಿ ಸಂಶೋಧನೆಗೆ ಬಂದ ಪೋಸ್ಟ್‌ಡಾಕ್, ಒಬ್ಬ ಮೊಬೈಲ್ ಕಂಪನಿಯವನು, ಇನ್ನೊಬ್ಬ ಬೆಂಗಳೂರಿನಿಂದ ಪ್ರಾಜೆಕ್ಟ್ ಮೇಲೆ ಬಂದವನು. ಪುಳಿಯೋಗರೆ ತಟ್ಟೆ ಕೈಗೆ ಬರುವಷ್ಟರಲ್ಲಿ ಪ್ರಶ್ನೆಯೂ ಬಂದುಬಿಡುತ್ತಿತ್ತು.

“ಮತ್ತೆ ನೀವು ಏನ್ ಮಾಡ್ತಿದೀರಾ ಇಲ್ಲಿ?”

“ಸದ್ಯಕ್ಕೆ ಮಗು ನೋಡ್ಕೋತಿದೀನಿ.”

“ಓ, ಗ್ರೇಟ್, ಗ್ರೇಟ್.”

ಆಪರೇಷನ್ ಆಗಿ ಮಲಗಿದವನ ಹತ್ತಿರ ‘ಬೇಗ ಗುಣ ಆಗ್ತೀರಿ ಬಿಡಿ’ ಎಂದು ಹೇಳುವ ದನಿಯಲ್ಲಿ ಆ ಗ್ರೇಟ್ ಬರುತ್ತಿತ್ತು. ಮನೆಗೆ ಬಂದವನೇ ಗೋಪಾಲ ಪಾತ್ರೆ ತೊಳೆಯಲು ನಿಲ್ಲುತ್ತಿದ್ದ. ಅವನಿಗೆ ಬೇಕಾಗಿದ್ದುದು ಒಂದೇ: ಆ ಪ್ರಶ್ನೆಗೆ ತಲೆಯೆತ್ತಿ ಹೇಳಬಹುದಾದ ಒಂದು ಉತ್ತರ.

ದಾವಣಗೆರೆಯಲ್ಲಿ ಅವನಿಗೆ ಅಂಥ ಉತ್ತರ ಇತ್ತು. ಗಣೇಶನ ಪೆಂಡಾಲುಗಳಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಒಂದಕ್ಕೆ ಅವನು ಮಿಕ್ಸಿಂಗ್ ಮಾಡುತ್ತಿದ್ದ. ಗಾಯಕನ ಗಂಟಲು ಕಟ್ಟಿದ್ದರೆ ಎಕೋ ಎಷ್ಟು ತಿರುಗಿಸಬೇಕು, ಗಣ್ಯರ ಅಳಿಯ ಹಾಡಲು ಹತ್ತಿದರೆ ಮೈಕು ಎಷ್ಟು ತಗ್ಗಿಸಬೇಕು, ಎರಡೂ ಅವನಿಗೆ ಕರಗತವಾದ ವಿದ್ಯೆ. ಆರ್ಕೆಸ್ಟ್ರಾ ದೊಡ್ಡದಾಗಿ ಕಾಣಲಿ ಎಂದು ಖಾಲಿ ಸ್ಪೀಕರ್ ಡಬ್ಬಿಗಳನ್ನೂ ಸ್ಟೇಜಿನ ಎರಡೂ ಬದಿಗೆ ಪೇರಿಸುತ್ತಿದ್ದ. ಕೊನೆಯಲ್ಲಿ ಮಾಲೀಕರು ಮೈಕು ಹಿಡಿದು “ಮಿಕ್ಸಿಂಗ್‌ನಲ್ಲಿ ನಮ್ಮ ಗೋಪಾಲಣ್ಣ!” ಎಂದಾಗ ಜನ ಶಿಳ್ಳೆ ಹೊಡೆಯುತ್ತಿದ್ದರು. ಗೋಪಾಲ ನಾಚಿಕೊಂಡು ಮಿಕ್ಸರಿನ ಹಿಂದೆ ತಲೆ ತಗ್ಗಿಸುತ್ತಿದ್ದ. ಆ ನಾಚಿಕೆ ಸುಳ್ಳಲ್ಲ. ಆದರೆ ಒಂದು ದಿನ ಮಾಲೀಕರು ಮರೆತಿದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದೂ ಸುಳ್ಳಲ್ಲ.

ಸೆಗುನ್ ಸಿಕ್ಕಿದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ. ಸ್ವೀಡನ್ನಿನ ಕಟ್ಟಡಗಳಲ್ಲಿ ಎಲ್ಲರಿಗೂ ಸೇರಿ ನೆಲಮಾಳಿಗೆಯಲ್ಲೊಂದು ಅಂಥ ಕೋಣೆ ಇರುತ್ತದೆ, ಸರದಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗೋಪಾಲನ ಸರದಿಯಲ್ಲಿ ಬಂದು ಕೂತಿದ್ದ ಆ ನೈಜೀರಿಯಾದ ಹುಡುಗ ಎಂಜಿನಿಯರಿಂಗ್ ಓದುತ್ತಿದ್ದವನು, ಇಬಾದಾನ್ ಊರಿನವನು. ಲ್ಯಾಪ್‌ಟಾಪಿನಲ್ಲಿ ತಾನೇ ಮಾಡಿದ ಹಾಡೊಂದನ್ನು ಹಾಕಿಕೊಂಡು ಭುಜ ಕುಣಿಸುತ್ತಿದ್ದ. ಈಗ ಆಫ್ರೋಬೀಟ್ಸ್ ಎಂದು ಜಗತ್ತೆಲ್ಲ ಕುಣಿಯುವ ಸಂಗೀತ ಅದು. ಆಗಿನ್ನೂ ಆ ಹೆಸರು ಚಾಲ್ತಿಗೆ ಬಂದಿರಲಿಲ್ಲ. ಗೋಪಾಲ ಜಗಳಕ್ಕೆಂದು ಒಳಗೆ ಹೋದವನು ಹಾಡು ಮುಗಿಯುವ ತನಕ ಬಟ್ಟೆಯ ಬುಟ್ಟಿ ಹಿಡಿದೇ ನಿಂತ.

“ಹಾಡು ಚೆನ್ನಾಗಿದೆ. ಆದರೆ ನಿನ್ನ ಡ್ರಮ್ಮು ನಿನ್ನ ದನಿಯನ್ನು ತಿಂದುಹಾಕ್ತಿದೆ” ಎಂದ, ತನಗೆ ಬರುವ ಇಂಗ್ಲಿಷಿನಲ್ಲಿ.

ಅಂದಿನಿಂದ ಶುರುವಾಯಿತು. ಮೂರು ಜನ ಸೇರಿ ಏನಾದರೂ ಕಲಿಯುತ್ತೇವೆ ಎಂದರೆ ಅಭ್ಯಾಸಕ್ಕೆ ಪುಕ್ಕಟೆ ಕೋಣೆ ಕೊಡುವ ಸಂಘಗಳು ಆ ದೇಶದಲ್ಲಿವೆ. ಗೋಪಾಲ ಅಂಥದ್ದೊಂದನ್ನು ಹುಡುಕಿ, ಸೆಗುನ್‌ನ ರೂಮ್‌ಮೇಟನ್ನು ಮೂರನೆಯವನನ್ನಾಗಿ ಸೇರಿಸಿ, ತಾನೇ ಮುಂದಾಳಾಗಲು ಒಪ್ಪಿಕೊಂಡು ಕೋಣೆ ದಕ್ಕಿಸಿದ. ಡ್ರಮ್ಮಿನ ಅಬ್ಬರ ಇಳಿಸಿ ದನಿಯನ್ನು ಮುಂದೆ ತಂದ. ಪೋಸ್ಟರು ಹಚ್ಚಿದ. ಕ್ಲಬ್ಬಿನವರ ಬಾಗಿಲಿಗೆ ಕಾಲು ಸವೆಸಿದ. ಬಾಡಿಗೆ ವ್ಯಾನು ಓಡಿಸಿಕೊಂಡು ಹಿಮದಲ್ಲಿ ಲೂಲಿಯೊ, ಸುಂಡ್ಸ್‌ವಾಲ್ ಊರುಗಳನ್ನೆಲ್ಲ ತಿರುಗಿದ.

ತೆರೆಯ ಹಿಂದಿನ ಆ ಬಾಳು ಬಲು ಸೊಗಸು! ಕಾರ್ಯಕ್ರಮ ಏರ್ಪಡಿಸುವವರಿಗೆಲ್ಲ ಆಫ್ರಿಕಾದವನೆಂದರೆ ಚರ್ಮದ ವಾದ್ಯ, ಬಣ್ಣದ ಅಂಗಿ ಇರಲೇಬೇಕು. ಜೀನ್ಸ್ ತೊಟ್ಟು ಲ್ಯಾಪ್‌ಟಾಪ್ ಹಿಡಿದು ಬಂದವನನ್ನು ಕಂಡರೆ ಮೋಸ ಹೋದವರಂತೆ ಮುಖ ಮಾಡುತ್ತಿದ್ದರು. ಬಹುಸಂಸ್ಕೃತಿ ಹಬ್ಬ ಎಂದು ಕರೆಸಿ, ಸಮೋಸಾ ಅಂಗಡಿಗೂ ಮುಖಕ್ಕೆ ಬಣ್ಣ ಬಳಿಯುವವರಿಗೂ ನಡುವೆ ನಿಲ್ಲಿಸುತ್ತಿದ್ದರು. ಒಂದು ಕಡೆಯಂತೂ ವಾದ್ಯ ಇಲ್ಲದಿದ್ದರೆ ಕಾರ್ಯಕ್ರಮವೇ ಬೇಡ ಎಂದರು. ಗೋಪಾಲ ನೇರವಾಗಿ ಪಾವನಾಳ ದಾಗಿಸ್‌ಗೆ ಹೋಗಿ, ಮಕ್ಕಳು ಬಡಿಯುವ ಡೋಲೊಂದನ್ನು ಬೇಡಿ ತಂದು, ಕೆಂಪು ಬಟ್ಟೆ ಸುತ್ತಿ ಸ್ಟೇಜಿನ ನಟ್ಟನಡುವೆ ಇಟ್ಟ. ಅದನ್ನು ಯಾರೂ ಮುಟ್ಟಲಿಲ್ಲ. ಮುಗಿದ ಮೇಲೆ ವ್ಯವಸ್ಥಾಪಕರು ಬಂದು ಡೋಲಿನ ನಾದ ಮನಸ್ಸಿಗೆ ತಟ್ಟಿತು ಎಂದು ಕೈಕುಲುಕಿದರು. ಗೋಪಾಲ, ಸೆಗುನ್ ಇಬ್ಬರೂ ವ್ಯಾನಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಸೆಗುನ್ ವಾರಕ್ಕೆ ಮೂರು ನಾಲ್ಕು ಸಲ ಇವರ ಮನೆಯಲ್ಲೇ ಉಣ್ಣುತ್ತಿದ್ದ. ಗೋಪಾಲ ಮಾಡಿದ ಸಾರು, ಪಲ್ಯ, ಭಾನುವಾರವಾದರೆ ಚಿತ್ರಾನ್ನ. ಕಾಂಚನಾ ಲ್ಯಾಬಿನಿಂದ ಬರುವ ಹೊತ್ತಿಗೆ ಊಟ ಅರ್ಧ ಮುಗಿದಿರುತ್ತಿತ್ತು. ಮೊದಮೊದಲು ಅವನು ಸಾಕು ಎಂದರೂ ಗೋಪಾಲ ಬಡಿಸುತ್ತಲೇ ಇದ್ದ.

“ನನ್ನ ಅಮ್ಮನೂ ಹೀಗೇ. ಬೇಡ ಅಂದವರಿಗೇ ಎರಡು ಸೌಟು ಜಾಸ್ತಿ. ಈ ಸ್ವೀಡನ್ನಿನವರಿಗೆ ಬೇಡ ಅಂದ್ರೆ ಮುಗೀತು, ತಟ್ಟೆ ಎತ್ಕೊಂಡು ಹೋಗ್ಬಿಡ್ತಾರೆ” ಎಂದು ಸೆಗುನ್ ನಗುತ್ತಿದ್ದ. ಗೋಪಾಲನನ್ನು ಅವನು ‘ಎಗ್ಬೊನ್’ ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ಹಾಗೆ ಕರೆದಾಗಲೆಲ್ಲ ಗೋಪಾಲ ಕರಗಿ ನೀರಾಗುತ್ತಿದ್ದ, ಪಾಪ.

ಎರಡು ಸಾವಿರದ ಎಂಟರ ಹೊತ್ತಿಗೆ ಒಂದು ಹಾಡು ಹತ್ತಿಕೊಂಡಿತು. ಮೊದಲು ವಿದ್ಯಾರ್ಥಿಗಳ ಪಾರ್ಟಿಗಳಲ್ಲಿ, ಆಮೇಲೆ ಇಂಟರ್ನೆಟ್ಟಿನಲ್ಲಿ, ಆಮೇಲೆ ಲಂಡನ್ನಿನ ನೈಜೀರಿಯನ್ನರ ರೇಡಿಯೋದಲ್ಲಿ. ಸ್ಟಾಕ್‌ಹೋಮಿನ ಸಂಗೀತ ಕಂಪನಿಯೊಂದು ಕರೆ ಕಳಿಸಿತು. ಸುದ್ದಿ ಬಂದ ದಿನ ಸೆಗುನ್ ಗೋಪಾಲನನ್ನು ಅಪ್ಪಿಕೊಂಡು, “ನಾನು ಗಾಯಕ, ನೀನು ಮ್ಯಾನೇಜರ್. ಇಬ್ಬರೂ ಒಟ್ಟಿಗೇ ಸಹಿ ಮಾಡೋದು, ಎಗ್ಬೊನ್” ಎಂದ.

ಅದಾಗಿ ಒಂದು ವಾರಕ್ಕೆ ದೀಪಾವಳಿ. ಪುಳಿಯೋಗರೆಯೂ ಬಂತು, ಪ್ರಶ್ನೆಯೂ ಬಂತು.

“ಮ್ಯೂಸಿಕ್ ಮ್ಯಾನೇಜ್‌ಮೆಂಟ್” ಎಂದ ಗೋಪಾಲ. “ಸ್ಟಾಕ್‌ಹೋಮ್ ಕಂಪನಿ ಜೊತೆ ಡೀಲ್ ಆಗ್ತಿದೆ.”

ಯಾರೂ ಗ್ರೇಟ್ ಅನ್ನಲಿಲ್ಲ. ಸುತ್ತ ಕುರ್ಚಿ ಎಳೆದುಕೊಂಡು ಕೂತು ವಿವರ ಕೇಳಿದರು. ಲಕ್ಷ್ಮೀನಾರಾಯಣ ಎಂಬ ಪೋಸ್ಟ್‌ಡಾಕ್ ಅಂತೂ ತನ್ನ ಮಗನಿಗೆ “ಗೋಪಾಲ್ ಅಂಕಲ್ ಹತ್ರ ಸಿ.ಡಿ. ಇಸ್ಕೋ” ಎಂದ. ಕಾಂಚನಾ ದೂರದಿಂದಲೇ ಗಂಡನ ಮುಖ ನೋಡಿದಳು. ಎಷ್ಟೋ ವರ್ಷದ ಮೇಲೆ ಆ ಮುಖ ನೋಡುವ ಹಾಗಿತ್ತು. ಅವಳಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

ಸ್ಟಾಕ್‌ಹೋಮಿಗೆ ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಎರಡೆರಡು ಸಲ ಹೇಳಿದಳು. “ಅಲ್ಲಿ ಸಂಕೋಚ ಮಾಡ್ಕೋಬೇಡ್ರಿ. ಏನ್ ಬೇಕೋ ಬಾಯಿ ಬಿಟ್ಟು ಕೇಳಿ. ಇವರ ಹತ್ರ ನಮ್ ಥರ ನಡಿಯಲ್ಲ.”

“ನಾನ್ಯಾಕೆ ಕೇಳ್ಲಿ? ಸೆಗುನ್ನೇ ಹೇಳ್ತಾನೆ” ಎಂದ ಗೋಪಾಲ.

ಸ್ಟಾಕ್‌ಹೋಮಿನ ಆ ಕಚೇರಿಯಲ್ಲಿ ಅನ್ನಿಕಾ ಎಂಬಾಕೆ ಕಾಫಿ, ಏಲಕ್ಕಿ ಬನ್ನು ಇಟ್ಟು ಕೂರಿಸಿದಳು. ಒಳ್ಳೆಯ ಹೆಂಗಸು, ಅವಳ ಮೇಲೆ ತಪ್ಪು ಹೊರಿಸಲು ನನಗೂ ಮನಸ್ಸಿಲ್ಲ. ಹಾಡನ್ನು ಮೆಚ್ಚಿದಳು. ದನಿ ಎಷ್ಟು ಸ್ವಚ್ಛವಾಗಿ ಮುಂದೆ ನಿಂತಿದೆ ಎಂದಳು. ಆಮೇಲೆ ಗೋಪಾಲನ ಕಡೆ ತಿರುಗಿ ಕೇಳಿದಳು:

“ಮತ್ತೆ ನೀವು? ಇದರಲ್ಲಿ ನಿಮ್ಮ ಕೆಲಸ ಏನು?”

ಮೂರು ವರ್ಷದಿಂದ ಕಾದಿದ್ದ ಪ್ರಶ್ನೆ ಅದು. ಗೋಪಾಲ ನಕ್ಕು, ಕೈಯಾಡಿಸಿ, ತಲೆ ತಗ್ಗಿಸಿ ಹೇಳಿದ:

“ಅಯ್ಯೋ, ನನ್ನದೇನೂ ಇಲ್ಲ. ಎಲ್ಲ ಸೆಗುನ್‌ದೇ. ನಾನು ಸುಮ್ಮನೆ ಜೊತೆಗಿದ್ದೆ, ಅಷ್ಟೆ.”

ನಮ್ಮ ಕಡೆ ಇದಕ್ಕೊಂದು ಕ್ರಮ ಇದೆ. ಮಾಡಿದವನು ನನ್ನದೇನಿಲ್ಲ ಅನ್ನಬೇಕು. ಪಕ್ಕದವನು ‘ಏ ಸುಮ್ನಿರಿ, ಇವರಿಲ್ದಿದ್ರೆ ಆಗ್ತಿತ್ತಾ ಇದೆಲ್ಲ!’ ಎಂದು ಎದ್ದು ನಿಲ್ಲಬೇಕು. ಮೊದಲ ಮಾತು ಇರುವುದೇ ಎರಡನೆಯದಕ್ಕೆ ಜಾಗ ಮಾಡಿಕೊಡಲು. ತನ್ನನ್ನು ತಾನೇ ಹೊಗಳಿಕೊಂಡವನನ್ನು ದಾವಣಗೆರೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಗೋಪಾಲ ತನ್ನ ಪಾಲಿನ ಮಾತು ಆಡಿ ಮುಗಿಸಿ, ಸೆಗುನ್‌ನ ಕಡೆ ನೋಡಿದ.

ಸೆಗುನ್ ಬನ್ನು ಮುರಿಯುತ್ತಿದ್ದ. ಮುರಿದು ಬಾಯಿಗಿಟ್ಟುಕೊಂಡ. ಅಗಿದ. ಕಿಟಕಿಯ ಕಡೆ ನೋಡಿದ.

“ಒಳ್ಳೆಯ ಗೆಳೆಯರು ಇರೋದು ದೊಡ್ಡ ವಿಷಯ” ಎಂದಳು ಅನ್ನಿಕಾ ಮನಸಾರೆ, ಮತ್ತು ಮುಂದಿನ ವಿಷಯಕ್ಕೆ ಹೋದಳು. ಮ್ಯಾನೇಜರ್ ಇಲ್ಲವೆಂದ ಮೇಲೆ ತಮ್ಮಲ್ಲೇ ಒಬ್ಬರನ್ನು ಕೊಡುತ್ತೇವೆ ಎಂದಳು. ಸೆಗುನ್ ಆಗಲಿ ಎಂದ. ಗೋಪಾಲ ಅಷ್ಟು ಹೊತ್ತೂ ನಗುಮುಖ ಇಳಿಸಲಿಲ್ಲ; ಹೇಗೆ ಇಳಿಸಬೇಕೆಂದೇ ಅವನಿಗೆ ಹೊಳೆಯಲಿಲ್ಲ.

ಮರಳುವ ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಅವನು ಬಾಯಿ ಬಿಟ್ಟ. “ನೀನು ಒಂದು ಮಾತು ಹೇಳಬಹುದಿತ್ತು, ಸೆಗುನ್.”

“ನೀನೇ ಹೇಳಿದೆಯಲ್ಲ, ಎಗ್ಬೊನ್, ನಿನ್ನದೇನೂ ಇಲ್ಲ ಅಂತ. ನಿನ್ನ ಮಾತನ್ನು ನಾನು ಹೇಗೆ ಸುಳ್ಳು ಮಾಡಲಿ?” ಎಂದ ಸೆಗುನ್, ಬಲು ಮೆತ್ತಗೆ. ಆಮೇಲೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ.

ಗೋಪಾಲನ ಸಂಕಟ ಕೈತಪ್ಪಿದ ಕೆಲಸದ್ದಷ್ಟೇ ಆಗಿರಲಿಲ್ಲ. ಬೇಡ ಅಂದವರಿಗೇ ಎರಡು ಸೌಟು ಜಾಸ್ತಿ ಎಂದು ಬಲ್ಲವನು, ಅಣ್ಣಾ ಎಂದು ಕರೆಯುತ್ತಲೇ ತನ್ನನ್ನು ಅಳೆದುಬಿಟ್ಟನಲ್ಲ ಎಂದು ಉರಿಯಿತು. ಮನೆಗೆ ಬಂದು ಕಾಂಚನಾಳಿಗೆ ಎಲ್ಲ ಹೇಳಿದ. ಅವಳು ‘ನಾನು ಮೊದಲೇ ಹೇಳಿರಲಿಲ್ವಾ’ ಎನ್ನಲಿಲ್ಲ. ಆ ಮಾತನ್ನು ನುಂಗಿಕೊಂಡಿದ್ದು ಅವಳ ದೊಡ್ಡಗುಣ. ಆ ಚಳಿಗಾಲ ಅವರು ಹಬ್ಬದ ಕೂಟಕ್ಕೆ ಹೋಗಲಿಲ್ಲ. ದಾರಿಯಲ್ಲಿ ಲಕ್ಷ್ಮೀನಾರಾಯಣ ಸಿಕ್ಕಿ “ಏನಾಯ್ತು ಸಾರ್ ನಿಮ್ ಡೀಲು?” ಎಂದಾಗ ಗೋಪಾಲ “ನಡೀತಿದೆ, ನಡೀತಿದೆ” ಎಂದು ಗಾಡಿಯಿಲ್ಲದಿದ್ದರೂ ನೆಲ ನೋಡಿಕೊಂಡು ನಡೆದ.

ಮರುವರ್ಷ ಮೇ ತಿಂಗಳಲ್ಲಿ ಸೆಗುನ್ ಉಮೆಯೊದ ದೊಡ್ಡ ಸಭಾಂಗಣಕ್ಕೆ ಹಾಡಲು ಬಂದ. ಇವರಿಗೆ ಎರಡು ಟಿಕೆಟ್ ಕಳಿಸಿದ್ದ. ಗೋಪಾಲ ಬರುವುದಿಲ್ಲ ಎಂದ. ಕಾಂಚನಾ ಬಿಡಲಿಲ್ಲ. “ನಾವೇನ್ ಕಳ್ಳತನ ಮಾಡಿದೀವಾ ಅವಿತ್ಕೊಳ್ಳೋಕೆ? ನಡೀರಿ” ಎಂದು ಹೊರಡಿಸಿದಳು. ಪಾವನಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟರು.

ಸಭಾಂಗಣ ತುಂಬಿತ್ತು. ಸ್ವೀಡನ್ನಿನ ಹುಡುಗ ಹುಡುಗಿಯರು ಆ ಹಾಡಿನ ಒಂದೊಂದು ಸಾಲನ್ನೂ ಬಾಯಿಪಾಠ ಹೇಳಿದರು. ಡ್ರಮ್ಮಿನ ಮೇಲೆ ದನಿ ಹೇಗೆ ನಿಲ್ಲಬೇಕೆಂದು ಗೋಪಾಲ ಕೂರಿಸಿದ್ದನೋ ಹಾಗೆಯೇ ನಿಂತಿತ್ತು. ಕೊನೆಯಲ್ಲಿ ಸೆಗುನ್ ಮೈಕು ಹಿಡಿದು ದೇವರನ್ನು ನೆನೆದ, ತಾಯಿಯನ್ನು ನೆನೆದ, ಕಂಪನಿಯನ್ನು ನೆನೆದ, ಲೈಟಿನವನನ್ನೂ ನೆನೆದ. ಗೋಪಾಲನ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ದೀಪಗಳು ಹೊತ್ತಿಕೊಂಡವು, ಜನ ಎದ್ದರು.

ಒಳಗಿನಿಂದ ಕರೆ ಬಂತು. ಹಿಂದಿನ ಕೋಣೆಯಲ್ಲಿ ಸೆಗುನ್ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಪಕ್ಕದಲ್ಲಿ ಕಂಪನಿ ಕೊಟ್ಟ ಹೊಸ ಮ್ಯಾನೇಜರ್, ಎಳೆಯ ಪ್ರಾಯದ ಸ್ವೀಡನ್ನಿನವನು. ಸೆಗುನ್ ಓಡಿಬಂದು ಕಾಂಚನಾಳ ಎರಡೂ ಕೈ ಹಿಡಿದುಕೊಂಡ.

“ನೋಡು, ನಾನು ಹೇಳ್ತಿದ್ದೆನಲ್ಲ, ಇವಳೇ ಕಾಂಚನಾ! ಇವಳು ಅನ್ನ ಹಾಕದೇ ಇದ್ದಿದ್ರೆ ಈ ಊರಿನಲ್ಲಿ ನಾನು ಸತ್ತೇ ಹೋಗ್ತಿದ್ದೆ” ಎಂದ ಮ್ಯಾನೇಜರಿಗೆ. ಆಮೇಲೆ ಗೋಪಾಲನ ಹೆಗಲ ಮೇಲೆ ಕೈಯಿಟ್ಟು, “ಇದು ಅವಳ ಗಂಡ” ಎಂದ.

ಮ್ಯಾನೇಜರ್ ಕೈಕುಲುಕಿದ. ಅಷ್ಟು ಒಳ್ಳೆಯ ಅಡುಗೆ ಮಾಡುವ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂಬರ್ಥದ ಏನನ್ನೋ ಹೇಳಿದ. ಕಾಂಚನಾಳ ಮುಖ ಕೆಂಪಗಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಗೋಪಾಲ ಅವಳ ಮುಂಗೈ ಹಿಡಿದು ಹೊರಗೆ ಕರೆತಂದ.

ಉತ್ತರದ ಮೇ ತಿಂಗಳು. ಹೊರಗೆ ಇನ್ನೂ ಬೆಳಕಿತ್ತು. ಇಬ್ಬರೂ ನದಿಯ ಸೇತುವೆಯ ತನಕ ನಡೆದರು. ಅಲ್ಲಿ ಕಾಂಚನಾಳಿಗೆ ತಡೆಯಲಾಗಲಿಲ್ಲ.

“ಯಾಕ್ರೀ ತಡೆದ್ರಿ? ನಾನ್ ಹೇಳ್ತಿದ್ದೆ ಆ ಸೆಗುನ್‌ಗೆ. ಅಡುಗೆ ಮಾಡಿದ್ದು ನೀವು, ಹಾಡು ಕೂರಿಸಿದ್ದು ನೀವು, ಎಲ್ಲ ಮಾಡಿದ್ದು ನೀವು ಅಂತ. ನೀವಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?”

“ಗೊತ್ತಿಲ್ದೋರಿಗೆ ಹೇಳ್ಬೋದು ಕಾಂಚನಾ” ಎಂದ ಗೋಪಾಲ. “ಅವನಿಗೆ ಗೊತ್ತು.”

ಕಾಂಚನಾ ಅವನ ತೋಳು ಹಿಡಿದುಕೊಂಡಳು. ಪಕ್ಕದ ಮನೆಯಿಂದ ಮಗಳನ್ನು ಕರೆದುಕೊಂಡು ಬರಬೇಕಿತ್ತು, ಇಬ್ಬರೂ ಸೇತುವೆ ದಾಟಿದರು.