ಜಯಕ್ಕನ ಮೂಗು

ಶ್ರೀರಾಂಪುರದಿಂದ ಹರದಾರಿ ದೂರದ ಒಂದು ಹಟ್ಟಿಯಲ್ಲಿ ಜಯಕ್ಕ ಎಂಬ ಹೆಂಗಸಿದ್ದಳು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಕುರಿ ಕಾಯುವ ಯತ್ತಪ್ಪನ ಕೈ ಹಿಡಿದವಳು. ಸುತ್ತಮುತ್ತಲಲ್ಲಿ ಅವಳಿಗಿಂತ ಅವಳ ಮೂಗೇ ಹೆಚ್ಚು ಹೆಸರುವಾಸಿ. ಪೇಟೆಯ ಹೋಟೆಲಿಗೆ ಹೋದರೆ ಲೋಟವನ್ನು ಮೂಸಿ ನೋಡಿ ಹಾಗೇ ಕೆಳಗಿಟ್ಟು ಎದ್ದು ಬರುವಳು. ಮದುವೆ ಮನೆಯಲ್ಲಿ ಸಾರು ಇನ್ನೂ ಕುದಿಯುತ್ತಿರುವಾಗಲೇ, ಬೇಳೆ ಹಳೇದು ಹಾಕಿದ್ದಾರೆ ಎಂದು ಹೇಳಿ ಅಡುಗೆಯವರ ಶಾಪಕ್ಕೆ ಗುರಿಯಾಗುವಳು. ‘ಥೂ, ಅಸಹ್ಯ’ ಎಂಬ ಮಾತು ದಿನಕ್ಕೆ ಎಷ್ಟು ಸಲ ಅವಳ ಬಾಯಿಂದ ಬರುತ್ತಿತ್ತೋ ಲೆಕ್ಕ ಇಟ್ಟವರಿಲ್ಲ. ಕುರಿ ಹಿಕ್ಕೆ, ಉಚ್ಚೆ, ಮಳೆಯಲ್ಲಿ ನೆನೆದ ಕಂಬಳಿ, ಇವು ಮಾತ್ರ ಅವಳಿಗೆ ವಾಸನೆಯೇ ಅಲ್ಲ. ಅದು ತವರುಮನೆಯ ಗಾಳಿ.

ಇಂಥ ಜಯಕ್ಕ ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಕಡಲ ಕಡೆಗೆ ಹೊರಡಬೇಕಾಗಿ ಬಂತು. ಅವಳ ಒಬ್ಬಳೇ ಮಗಳು ಮುದ್ದಕ್ಕನನ್ನು ಹೊಸದುರ್ಗದ ಕಡೆಯ ಚಿತ್ತಪ್ಪನಿಗೆ ಕೊಟ್ಟಿತ್ತು. ಅವನು ಕುರಿ ಬಿಟ್ಟು ಕಾಂಕ್ರೀಟು ಕಲೆಸುವ ಮಿಷಿನ್ನು ನಡೆಸುವುದನ್ನು ಕಲಿತವನು. ಕುಂದಾಪುರದ ಹತ್ತಿರ ಹೊಳೆಗೆ ಸೇತುವೆ ಕಟ್ಟುವ ಕೆಲಸ ಸಿಕ್ಕಿತೆಂದು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ಹೊಳೆ ಹೋಗಿ ಕಡಲು ಸೇರುವಲ್ಲಿ ನೀರಿನ ನಡುವೆ ಒಂದು ನಡುಗಡ್ಡೆ, ಅಲ್ಲಿಯವರು ಕುದ್ರು ಅನ್ನುತ್ತಾರೆ, ಅದರ ಮೇಲೆ ಬಾಡಿಗೆ ಮನೆ. ಮುದ್ದಕ್ಕನಿಗೆ ಈಗ ಏಳು ತಿಂಗಳು. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಿ ಆಗಬೇಕು. ಕರೆದುಕೊಂಡು ಬರಲು ಜಯಕ್ಕ ಹೊರಟಳು.

ತಾಯಿಯ ಮನೆ ಎನ್ನುವುದು ಬಾಯಿಮಾತು. ಆ ಹಟ್ಟಿಯಲ್ಲಿ ಹೆರುವ ಹೆಂಗಸು ಮನೆಯೊಳಗೆ ಇರುವಂತಿಲ್ಲ. ಹಟ್ಟಿಯೆಂದರೆ ದೇವರಿರುವ ಜಾಗ, ಸೂತಕ ಮುಟ್ಟಬಾರದು. ನೋವು ಶುರುವಾದ ಕೂಡಲೇ ಮುಳ್ಳುಬೇಲಿಯ ಆಚೆ ತೆಂಗಿನಗರಿ ಹೊದಿಸಿದ ಒಂದು ಗುಡಿಸಲಿಗೆ ಹೋಗಬೇಕು. ಹೆತ್ತ ಮೇಲೂ ದೇವರ ಒಪ್ಪಿಗೆಯಾಗುವ ತನಕ ಅಲ್ಲೇ ಇರಬೇಕು. ಯಾರೂ ಮುಟ್ಟುವಂತಿಲ್ಲ, ಊಟವನ್ನು ದೂರದಲ್ಲಿಟ್ಟು ಹೋಗುತ್ತಾರೆ. ಜಯಕ್ಕ ಆ ಗುಡಿಸಲಿನಲ್ಲಿ ಎರಡು ಸಲ ಹೆತ್ತಿದ್ದಳು. ಮೊದಲನೆಯದು ಗಂಡು, ಕಾರ್ತಿಕದ ಚಳಿಯಲ್ಲಿ ಹುಟ್ಟಿ ಮೂರು ದಿನಕ್ಕೆ ತಣ್ಣಗಾಯಿತು. ದೇವರು ಕೊಟ್ಟ, ದೇವರು ಕರಕೊಂಡ ಎಂದರು ಹಿರಿಯರು. ಅವಳೂ ಹಾಗೇ ಅಂದುಕೊಂಡಳು. ಎರಡನೆಯವಳೇ ಮುದ್ದಕ್ಕ.

ಚಿತ್ತಪ್ಪನೇ ಬಂದು ಅತ್ತೆಯನ್ನು ಕರೆದುಕೊಂಡು ಹೋದ. ಮುದ್ದಕ್ಕ ಅವನ ಹತ್ತಿರ, ಅವ್ವ ಬಂದು ನಾಲ್ಕು ದಿನ ಇದ್ದು ಸುತ್ತಾಡಿ ನೋಡಲಿ, ಆಮೇಲೆ ಒಟ್ಟಿಗೆ ಹೋಗಾಣ ಎಂದು ಹೇಳಿಕಳಿಸಿದ್ದಳು. ಅದರೊಳಗಿನ ಹಂಚಿಕೆ ಜಯಕ್ಕನಿಗೆ ತಿಳಿಯಲಿಲ್ಲ. ಘಟ್ಟ ಇಳಿಯುತ್ತಿದ್ದ ಹಾಗೆ ಮೈ ಬೆವರು ಸುರಿದು ಸೀರೆ ಅಂಟಿಕೊಂಡಿತು. ಇದೇನು ಗಾಳಿಯೋ ಯಾರಾದರೂ ಉಸಿರು ಬಿಟ್ಟದ್ದೋ ಎಂದು ಬೈದುಕೊಂಡಳು. ಕುದ್ರುವಿಗೆ ದಾಟಿಸುವ ದೋಣಿಗೆ ಮೀನೆಣ್ಣೆ ಬಳಿದಿದ್ದರು. ಜಯಕ್ಕ ಸೆರಗನ್ನು ಮೂಗಿಗೆ ಸುತ್ತಿಕೊಂಡು ಆಚೆ ದಡ ಬರುವ ತನಕ ಉಸಿರು ಹಿಡಿದೇ ಕೂತಳು.

ಮಾರನೆಯ ದಿನದಿಂದ ಮಗಳು ಅವಳನ್ನು ತಿರುಗಾಡಿಸಲು ಶುರುಮಾಡಿದಳು. ಹೊಟ್ಟೆ ಮುಂದಿಟ್ಟುಕೊಂಡು ನಿಧಾನಕ್ಕೆ ನಡೆಯುತ್ತ, ಅದು ನೋಡು ಇದು ನೋಡು ಎಂದು ತೋರಿಸುತ್ತಿದ್ದಳು. ತೆಂಗಿನ ತೋಟದ ನಡುವಿನ ಕಾಲುದಾರಿ ತಂಪಾಗಿ ಚೆನ್ನಾಗಿಯೇ ಇತ್ತು. ಆದರೆ ಅದರ ಕೊನೆಯಲ್ಲಿ ತೆಂಗಿನ ಸಿಪ್ಪೆಯನ್ನು ಹಗ್ಗ ಹೊಸೆಯಲು ಕೊಳೆಹಾಕಿದ ಗುಂಡಿಗಳಿದ್ದವು. ಕಪ್ಪು ನೀರಿನಿಂದ ಗುಳುಗುಳು ಗುಳ್ಳೆ ಎದ್ದು ಕೊಳೆತ ಮೊಟ್ಟೆಯಂಥ ನಾತ. ಅದನ್ನು ದಾಟಿದರೆ ಊರಲ್ಲಿ ಮೆಣಸಿನಕಾಯಿ ಹರವಿದ ಹಾಗೆ ಚಾಪೆಯ ಮೇಲೆ ಮೀನು ಹರವಿದ್ದರು. ನೊಣ ಮೀನಿಗಿಂತ ಹೆಚ್ಚಿದ್ದವು. ಕಲ್ಲುಬಂಡೆಗಳ ಮೇಲೆ ಚಿಪ್ಪು ಕಚ್ಚಿಕೊಂಡಿದ್ದು ಯಾವುದೋ ಚರ್ಮರೋಗದಂತೆ ಕಂಡಿತು. ಏಡಿಗಳು ಅಡ್ಡಡ್ಡ ಓಡಿದವು. ನೆಟ್ಟಗೆ ನಡೆಯಲೂ ಬಾರದ ಪ್ರಾಣಿಯನ್ನು ತಿನ್ನುವವರು ಎಂಥ ಜನ ಎಂದು ಜಯಕ್ಕನಿಗೆ ಹೇಸಿಗೆಯಾಯಿತು.

ಸಂಜೆ ಮರಳು ದಿಣ್ಣೆಯ ತುದಿಗೆ ಹೋದರು. ಅಲ್ಲಿ ಹೊಳೆ ಮುಗಿದು ಕಡಲು ತೆರೆದುಕೊಂಡಿತ್ತು. ಹೊತ್ತು ಮುಳುಗುತ್ತಿತ್ತು, ದೋಣಿಗಳು ವಾಪಸು ಬರುತ್ತಿದ್ದವು.

“ಎಷ್ಟು ಚೆಂದ ಐತೆ ನೋಡವ್ವ,” ಎಂದಳು ಮುದ್ದಕ್ಕ.

“ಇಷ್ಟೊಂದು ನೀರು ಇಟ್ಕಂಡು ಒಂದು ತಂಬಿಗೆ ಕುಡಿಯಾಕಾಗಲ್ಲ. ಇದ್ಯಾವ ಚೆಂದ?” ಎಂದಳು ಜಯಕ್ಕ. ಅಷ್ಟರಲ್ಲಿ ಕಾಲಿಗೆ ತಣ್ಣಗೆ ಏನೋ ತಾಗಿತು. ಅಲೆ ತಂದು ಹಾಕಿದ ಲೋಳೆಮೀನು, ಸಿಂಬಳದ ಮುದ್ದೆಯಂತೆ. ಅವಳು ಅಲ್ಲಿಂದ ಮನೆಯ ತನಕ ಒಂದೇ ಉಸಿರಿಗೆ ನಡೆದು ಕಾಲು ಉಜ್ಜಿ ಉಜ್ಜಿ ತೊಳೆದಳು.

ಇವೆಲ್ಲಕ್ಕಿಂತ ಅವಳಿಗೆ ತಡೆಯಲಾರದೆ ಹೋದದ್ದು ಪಕ್ಕದ ಮನೆಯ ಗುಲಾಬಿ. ಮೀನಿನ ಬುಟ್ಟಿ ಹೊತ್ತು ಮಾರುವ ದಪ್ಪ ಹೆಂಗಸು. ಆ ಹೆಸರಿಟ್ಟವರಿಗೆ ಮೂಗಿರಲಿಲ್ಲ ಎಂದು ಜಯಕ್ಕನ ತೀರ್ಮಾನ. ಮಾರಿ ಬಂದವಳೇ ಕೈಗೆ ಒಂದಿಷ್ಟು ನೀರು ತೋರಿಸಿ, ಕೊಬ್ಬರಿ ಎಣ್ಣೆ ತಂದು ಮುದ್ದಕ್ಕನ ಊದಿದ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು. ಅವಳು ಎದ್ದು ಹೋದ ಮೇಲೆ ಮಗಳ ಮೊಣಕಾಲಿನ ಕೆಳಗೆ ಒಂದು ಮೀನಿನ ಹುರುಪೆ ಅಂಟಿಕೊಂಡು ಹೊಳೆಯುತ್ತಿತ್ತು. ಜಯಕ್ಕ ಅದನ್ನು ಎರಡು ಬೆರಳ ತುದಿಯಲ್ಲಿ ತೆಗೆದು ಬಿಸಾಕಿ, ಈ ವಾಸನೆ ಹೊಟ್ಟೆಯೊಳಗಿನ ಕೂಸಿಗೂ ಹತ್ತುತ್ತೆ ಎಂದಳು. ಮರುದಿನ ಗುಲಾಬಿಯ ಎದುರಿಗೇ ಸೆರಗು ಮೂಗಿಗೆ ಹಿಡಿದಳು. ಗುಲಾಬಿ ಸಿಟ್ಟಾಗಲಿಲ್ಲ.

“ಎಂತ ಅಮ್ಮ, ಮೀನಿನ್ ವಾಸ್ನಿಯಾ? ನಮ್ಗ್ ಗೊತ್ತೇ ಆತಿಲ್ಲೆ,” ಎಂದು ನಕ್ಕು ತಿಕ್ಕುವ ಕೆಲಸ ಮುಂದುವರಿಸಿದಳು.

ಹೊರಡುವ ಹಿಂದಿನ ದಿನ ಮುದ್ದಕ್ಕ ತಾಯಿಯನ್ನು ಗುಲಾಬಿಯ ಮನೆಗೆ ಕರೆದುಕೊಂಡು ಹೋದಳು. ಜಗಲಿಯಲ್ಲಿ ಕೂರಿಸಿ ಎಳನೀರು ಕೊಟ್ಟರು. ಎಳನೀರಿಗೆ ಯಾರ ವಾಸನೆಯೂ ಹತ್ತುವುದಿಲ್ಲವಲ್ಲ ಎಂದು ಜಯಕ್ಕ ಸಮಾಧಾನದಿಂದ ಕುಡಿದಳು. ಆಗ ಒಳಗಿನಿಂದ ಹಸುಗೂಸಿನ ಅಳು ಕೇಳಿಸಿತು. ಗುಲಾಬಿಯ ಸೊಸೆ ಹೆತ್ತು ಇನ್ನೂ ವಾರವಾಗಿರಲಿಲ್ಲ, ಮುದ್ದಕ್ಕ ಅದನ್ನು ತಾಯಿಗೆ ಹೇಳಿರಲಿಲ್ಲ. ಜಯಕ್ಕ ಇಣುಕಿ ನೋಡಿದರೆ ಬಾಣಂತಿ ನಡುಮನೆಯಲ್ಲೇ, ದೇವರ ಪಟದ ಕೆಳಗೆ, ಅಕ್ಕಿ ಮೂಟೆಯ ಪಕ್ಕದಲ್ಲಿ ಮಲಗಿದ್ದಳು.

ಜಯಕ್ಕನ ಕೈಯಿಂದ ಎಳನೀರ ಬುರುಡೆ ಬಿತ್ತು. ಸೂತಕದ ಮನೆಯಲ್ಲಿ ಕೂತು ಕುಡಿದಿದ್ದಳು. ಹಟ್ಟಿಯ ದೇವರು ನೆನಪಾದ. ಉಟ್ಟ ಸೀರೆಯಲ್ಲೇ ತಲೆ ಮೇಲೆ ನೀರು ಹೊಯ್ದುಕೊಳ್ಳಬೇಕು, ಅದೂ ಈಗಲೇ, ಹರಿಯುವ ನೀರಲ್ಲಿ. ಯಾರ ಮಾತೂ ಕೇಳದೆ ಹೊಳೆಯ ಕಡೆ ಓಡಿದಳು. ಬೆಳಿಗ್ಗೆ ನೋಡಿದಾಗ ಮನೆಯ ಹಿಂದೆ ದಡದ ತನಕ ನೀರು ತುಂಬಿತ್ತು. ಕಡಲ ಪಕ್ಕದ ಹೊಳೆ ದಿನದಲ್ಲಿ ಎರಡು ಸಲ ಇಳಿದು ಏರುತ್ತದೆ ಎಂಬುದು ಕೆರೆ ಬಾವಿ ಮಾತ್ರ ಕಂಡ ಬಯಲುಸೀಮೆಯವಳಿಗೆ ಹೇಗೆ ಗೊತ್ತಾಗಬೇಕು. ಈಗ ನೀರು ಇಳಿದು ಬರೀ ಕೆಸರು ಉಳಿದಿತ್ತು, ನೀರಿನ ಗೆರೆ ಅಷ್ಟು ದೂರದಲ್ಲಿ. ಅವಳು ಅದರತ್ತ ಹೆಜ್ಜೆ ಹಾಕಿದಳು. ಮೊದಲು ಹಿಮ್ಮಡಿ ಹೂತಿತು, ಆಮೇಲೆ ಮೊಣಕಾಲು, ಕಿತ್ತುಕೊಳ್ಳಲು ಹೋದಷ್ಟೂ ಒಳಗೆಳೆದು ತೊಡೆಯ ತನಕ ಮುಚ್ಚಿತು. ಕೊಳೆತ ಎಲೆ, ಸತ್ತ ಮೀನು, ಊರಿನ ಹೊಲಸೆಲ್ಲ ಸೇರಿದ ಕಪ್ಪು ಕೆಸರು. ಅದು ಅವಳ ಕೈಗೆ, ಮುಖಕ್ಕೆ, ಬಾಯಿಗೂ ಬಂತು.

ಎಳೆದು ತೆಗೆದವಳು ಗುಲಾಬಿ. ಕೆಸರಿನ ಮೇಲೆ ದೋಣಿಯ ಹಲಗೆ ಹಾಸಿ, ಅದರ ಮೇಲೆ ಬೋರಲು ಮಲಗಿ, ಜಯಕ್ಕನ ಸೊಂಟವನ್ನು ಎರಡು ತೋಳಲ್ಲಿ ಬಳಸಿ ಜಗ್ಗಿದಳು. ಜಯಕ್ಕನ ಮೂಗು ಅವಳ ಕೊರಳಿಗೆ ಒತ್ತಿಕೊಂಡಿತ್ತು. ಸೆರಗು ಹಿಡಿಯಲು ಕೈ ಬಿಡುವಿರಲಿಲ್ಲ.

ಬಚ್ಚಲಿನಲ್ಲಿ ಬಾಣಂತಿಗೆಂದು ಸೊಪ್ಪು ಹಾಕಿ ಕಾಯಿಸಿದ ಹಂಡೆ ನೀರಿತ್ತು. ಗುಲಾಬಿ ಸೊಸೆಗೆ ಆಮೇಲೆ ಮತ್ತೆ ಕಾಯಿಸಿದರಾಯಿತು ಎಂದು ಜಯಕ್ಕನನ್ನು ಕೂರಿಸಿ ಆ ನೀರನ್ನು ಚೊಂಬು ಚೊಂಬಾಗಿ ಸುರಿದಳು. ಬೆನ್ನು ನೀವಿದಳು, ಸೊಂಟಕ್ಕೆ ಬಿಸಿನೀರು ಬಡಿದಳು, ಕಿವಿಯೊಳಗಿನ ಕೆಸರನ್ನು ಕಿರುಬೆರಳಿನಿಂದ ತೆಗೆದಳು. ಜಯಕ್ಕ ಬೇಡ ಎನ್ನಲಿಲ್ಲ. ಮುದುಡಿ ಕೂತವಳು ಇದ್ದಕ್ಕಿದ್ದಂತೆ ಅಳಲು ಶುರುಮಾಡಿದಳು. ಕಾಲಿಗೆ ನೋವಾಗಿದೆಯೇನೋ ಎಂದು ಗುಲಾಬಿ ನೀರು ಸುರಿಯುತ್ತಲೇ ಇದ್ದಳು.

ಮನೆಗೆ ಬಂದು ಒಲೆಯ ಮುಂದೆ ಕೂತಾಗ ಮುದ್ದಕ್ಕ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಿದಳು.

“ಅವ್ವ, ನಾನು ಹುಟ್ಟಿದಾಗ ನಿಂಗೆ ಯಾರು ನೀರು ಹಾಕಿದ್ರು?”

ಜಯಕ್ಕ ಬೆಂಕಿಯನ್ನೇ ನೋಡುತ್ತಿದ್ದಳು. “ನಾನೇ ಹಾಕ್ಕಂಡೆ. ತಣ್ಣೀರು,” ಎಂದಳು. ಒಲೆಗೆ ಒಂದು ಸೌದೆ ತುರುಕಿ, “ನಿಮ್ಮಣ್ಣನಿಗೂ ನಾನೇ ಹಾಕಿದ್ದು,” ಎಂದಳು.

ಮಗಳು ತಾನು ಬರುವುದಿಲ್ಲ ಎಂದು ಹೇಳಬೇಕಾಗಲೇ ಇಲ್ಲ. ಮರುದಿನದ ಬಸ್ಸಿಗೆ ಜಯಕ್ಕ ಹೊರಡಲಿಲ್ಲ. ಮಳೆ ಹಿಡಿದ ಮೇಲೆ ಆ ಕುದ್ರುವಿನ ಮನೆಯಲ್ಲೇ, ದಾದಿಯೊಬ್ಬಳು ದೋಣಿ ದಾಟಿ ಬಂದು, ಗುಲಾಬಿ ಬೆನ್ನು ಹಿಡಿದು, ಮುದ್ದಕ್ಕ ಹೆಣ್ಣು ಹೆತ್ತಳು. ಜಯಕ್ಕ ಬಾಣಂತನ ಮಾಡಿದಳು. ಮೀನಿನ ವಾಸನೆಗೆ ಕಡೆಯ ತನಕ ಒಗ್ಗಲಿಲ್ಲ, ಒಗ್ಗುವ ಮನಸ್ಸೂ ಮಾಡಲಿಲ್ಲ. ಒಂದು ಕೈಯಲ್ಲಿ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಗುಲಾಬಿಗೆ ಎಲೆ ಅಡಿಕೆ ಕೊಡುತ್ತಿದ್ದಳು.

ಬಾಣಂತನ ಮುಗಿಸಿ ಒಬ್ಬಳೇ ಊರಿಗೆ ವಾಪಸಾದಾಗ ಹಟ್ಟಿಯ ಹಿರಿಯ ಕರಿಸಿದ್ದಪ್ಪ ಮುಳ್ಳುಬೇಲಿಯ ಬಾಯಲ್ಲೇ ತಡೆದ. ಬಾಣಂತಿಯನ್ನು ಮುಟ್ಟಿ ಬಂದವಳು, ದೇವರ ನೀರು ಚಿಮುಕಿಸುವ ತನಕ ಒಳಗೆ ಬರುವಂತಿಲ್ಲ, ಗುಡಿಸಲಿನಲ್ಲಿರು ಎಂದ. ಇದೇ ಮಾತನ್ನು ಅವಳೇ ಎಷ್ಟೋ ಹೆಣ್ಣುಮಕ್ಕಳಿಗೆ ಹೇಳಿದ್ದಳು. ಗಂಟು ಹಿಡಿದು ಬಗ್ಗಿ ಒಳಗೆ ಹೋದಳು.

ಒಳಗೆ ಕಾಲಿಟ್ಟ ಕೂಡಲೇ ನಾತ ಮೂಗಿಗೆ ಬಡಿಯಿತು. ಕೊಳೆತ ಗರಿ, ಯಾರೋ ಬಿಟ್ಟುಹೋದ ರಕ್ತದ ಬಟ್ಟೆ, ನೆಲಕ್ಕೆ ಇಂಗಿದ ಉಚ್ಚೆ, ಬೂಸಲು ಹಿಡಿದ ಮುದ್ದೆ, ನಾಯಿ ಮಲಗಿದ ಜಾಗ. ಎರಡು ಸಲ ಇಲ್ಲೇ ಹೆತ್ತಿದ್ದಳು. ಒಂದು ಕೂಸನ್ನು ಇದೇ ಮಣ್ಣಿನ ಮೇಲೆ ಮಡಿಲಲ್ಲಿಟ್ಟುಕೊಂಡು ತಣ್ಣಗಾಗುವುದನ್ನು ನೋಡಿದ್ದಳು. ಊರಿನ ಸಾರಿಗೆಲ್ಲ ಹೆಸರಿಡುತ್ತಿದ್ದ ಈ ಮೂಗಿಗೆ ಅವತ್ತು ಏನಾಗಿತ್ತು? ಸಿಪ್ಪೆಯ ಗುಂಡಿ, ಲೋಳೆಮೀನು, ತೊಡೆ ತನಕ ಹೂತ ಕೆಸರು, ಯಾವುದಕ್ಕೂ ಇಷ್ಟು ಹೇಸಿರಲಿಲ್ಲ. ಹೊರಗೆ ಬಂದು ಜಾಲಿ ಮರ ಹಿಡಿದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು.

ಹೊತ್ತು ಇಳಿದಾಗ ಯತ್ತಪ್ಪ ಊಟ ತಂದ. ರೂಢಿಯಂತೆ ದೂರದ ಕಲ್ಲಿನ ಮೇಲೆ ತಟ್ಟೆ ಇಟ್ಟು, ಮೊಮ್ಮಗಳು ಹೆಂಗವಳೆ ಎಂದು ಕೇಳಿದ. ಚೆನ್ನಾಗಿದ್ದಾಳೆ ಎಂದಳು ಜಯಕ್ಕ. ಒಳಗೆ ಯಾಕೆ ಕುಂತಿಲ್ಲ, ಮಳೆ ಬರೋ ಹಂಗೈತೆ ಎಂದ.

“ಆ ವಾಸನೆ ನಿಮಗೆ ಬರ್ತಿಲ್ವಾ?” ಎಂದಳು.

ಅವನು ನಿಂತಲ್ಲೇ ಕತ್ತೆತ್ತಿ ಗಾಳಿಯನ್ನು ಎಳೆದುಕೊಂಡು ನೋಡಿದ. “ಯಾವ ವಾಸನೆ? ನಂಗೇನೂ ಗೊತ್ತಾಗ್ತಿಲ್ವಲ್ಲ.”

“ಹತ್ರ ಬರ್ರಿ. ಇಲ್ಲಿಗೆ, ಬಾಗಿಲಿಗೆ ಬರ್ರಿ.”

ಯತ್ತಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತ. ಬೇಲಿಯ ಕಡೆ ತಿರುಗಿ ನೋಡಿದ. ಆಮೇಲೆ ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ತಟ್ಟೆಯನ್ನು ಕೋಲಿನಿಂದ ಅವಳ ಕಡೆಗೆ ತಳ್ಳಿದ.